ಅಂಗಳದ ಗ್ರಿಲ್‌ಗೆ "200 ಆಂಪ್" ವೆಲ್ಡಿಂಗ್ ಮಷೀನ್: ಮಷೀನ್ ಪಾಸು, ಜೊತೆಗೆ ಬಂದ ಸಾಮಾನು ಫೇಲು

ಕಲಬುರಗಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೂ ಆನ್‌ಲೈನ್‌ನಲ್ಲಿ ಹುಡುಕಿದರೂ ಮೊದಲು ಕಣ್ಣಿಗೆ ಬೀಳೋದು ಹೆಗಲಿಗೆ ನೇತುಹಾಕಿ ಒಯ್ಯುವಂಥ ಚಿಕ್ಕ ಇನ್ವರ್ಟರ್ ವೆಲ್ಡಿಂಗ್ ಮಷೀನ್. ಹೊಸಬರು ಇದನ್ನು ತಂದು ಶೀಕ್ ಕಬಾಬ್, ಬದನೆಕಾಯಿ, ಗೋವಿನಜೋಳದ ತೆನೆ ಸುಡುವ ಗ್ರಿಲ್ ಕಟ್ಟಬಹುದೇ ಅಂದರೆ, ಧಾರಾಳವಾಗಿ ಕಟ್ಟಬಹುದು.

ಡಬ್ಬದ ಮೇಲಿನ 200 ನೋಡಿ ಮರುಳಾಗಬೇಡಿ. 3 ಮಿ.ಮೀ. ದಪ್ಪದ, ಎಲ್ ಆಕಾರದ ಕಬ್ಬಿಣದ ಪಟ್ಟಿಗೆ, ಅಂದರೆ ಆ್ಯಂಗಲ್‌ಗೆ 2.5 ಮಿ.ಮೀ.ನ 6013 ರಾಡ್ (ಕರಗಿ ಬೆಸುಗೆಯಾಗುವ ಕಡ್ಡಿ, 6013 ಅದರ ಬಗೆ) ಸಾಕು, ಅದಕ್ಕೆ ಬೇಕಾದ್ದು 70ರಿಂದ 85 ಆಂಪ್ ಅಷ್ಟೇ. ನೋಡಬೇಕಾದ್ದು ಡ್ಯೂಟಿ ಸೈಕಲ್. ಶೇ. 60 ಎಂದಿದ್ದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಕೆಲಸ, ನಾಲ್ಕು ನಿಮಿಷ ವಿಶ್ರಾಂತಿ. ಈ ಲೆಕ್ಕ ಸಾಮಾನ್ಯವಾಗಿ 40 ಡಿಗ್ರಿ ಬಿಸಿಗೆ ಹಾಕಿದ್ದು. ನಮ್ಮ ಮೇ ತಿಂಗಳ ಮಧ್ಯಾಹ್ನ ಅದನ್ನು ದಾಟುತ್ತದೆ, ಹಾಗಾಗಿ ಬೇಸಿಗೆಯಲ್ಲಿ ಬೆಳಗ್ಗೆಯೇ ಕೆಲಸ ಮುಗಿಸಿ. ರಾಡ್ ಅಂಟಿಕೊಂಡ ಕೂಡಲೇ ಕರೆಂಟ್ ಇಳಿಸುವ ಆ್ಯಂಟಿ-ಸ್ಟಿಕ್ ಇದ್ದರೆ ಕಲಿಯುವವರಿಗೆ ದೊಡ್ಡ ಉಪಕಾರ.

ಜೊತೆಗೆ ಬರುವ ಸಾಮಾನಿನ ಕಥೆಯೇ ಬೇರೆ. ಕೈಯಲ್ಲಿ ಹಿಡಿಯುವ ಪ್ಲಾಸ್ಟಿಕ್ ಮಾಸ್ಕ್ ಒಂದು ಕೈಯನ್ನು ತಿಂದುಹಾಕುತ್ತದೆ. 10ನೇ ಶೇಡ್‌ನ (ಗಾಜಿನ ಕಪ್ಪಿನ ಮಟ್ಟ) ತಲೆಗೆ ಹಾಕುವ ಮಾಸ್ಕ್ ಬೇರೆಯೇ ಕೊಳ್ಳಿ. ಕೇಬಲ್ ತೆಳು, ಗಿಡ್ಡ. ರಾಡ್ ಹಿಡಿಯುವ ಹೋಲ್ಡರ್ ಬೇಗ ಬಿಸಿಯಾದರೆ 16 ಚದರ ಮಿ.ಮೀ.ನ ತಾಮ್ರದ ಕೇಬಲ್ ಹಾಕಿಸಿ. ಮಷೀನನ್ನು ಅರ್ಥಿಂಗ್ ಸರಿಯಿರುವ 16 ಆಂಪ್ ಸಾಕೆಟ್‌ಗೇ ಹಚ್ಚಬೇಕು. 1 ಚದರ ಮಿ.ಮೀ. ವೈರಿನ 20 ಮೀಟರ್ ಎಕ್ಸ್‌ಟೆನ್ಶನ್ 15 ಆಂಪ್ ಎಳೆದಾಗ ಸುಮಾರು 10 ವೋಲ್ಟ್ ನುಂಗುತ್ತದೆ. ಮೊದಲೇ ವೋಲ್ಟೇಜ್ ಕಡಿಮೆ ಇರುವ ಸಂಜೆಯಲ್ಲಿ ರಾಡ್ ಅಂಟತೊಡಗಿದರೆ ದೂರು ಮಷೀನ್ ಮೇಲೆ ಬರುತ್ತದೆ. 2.5 ಚದರ ಮಿ.ಮೀ. ವೈರು ಬಳಸಿ.

ಈಗ ಗ್ರಿಲ್. 25×25×3 ಮಿ.ಮೀ.ನ 6 ಮೀಟರ್ ಆ್ಯಂಗಲ್ ಒಂದು ತನ್ನಿ. 700 ಮಿ.ಮೀ.ನ ನಾಲ್ಕು ಕಾಲು, ಮೇಲೆ 600×300ರ ಚೌಕಟ್ಟು, ಅದರಿಂದ 150 ಮಿ.ಮೀ. ಕೆಳಗೆ ಇದ್ದಿಲಿನ ತಟ್ಟೆ ಕೂರಲು 300ರ ಎರಡು ಅಡ್ಡಪಟ್ಟಿ, ಹಿಂದಿನ ಕಾಲುಗಳ ಬುಡದಲ್ಲಿ 600ರ ಒಂದು ಪಟ್ಟಿ: ಎಲ್ಲಾ ಸೇರಿ 5.8 ಮೀಟರ್. ತಟ್ಟೆ 580×280, ಅಂಚು 75 ಮಿ.ಮೀ. ಎತ್ತರ, ತಳದಲ್ಲಿ ಗಾಳಿಗೆ 10 ಮಿ.ಮೀ. ತೂತುಗಳು. ತಗಡು 3 ಮಿ.ಮೀ. ಇರಲಿ, ತೆಳುವಾದದ್ದು ಬೆಂಕಿಗೆ ಸೊಟ್ಟಗಾಗುತ್ತದೆ. ಅಳತೆಗೆ ಅಂಗಡಿಯಲ್ಲೇ ಕತ್ತರಿಸಿಕೊಂಡು ಬಂದರೆ ಅರ್ಧ ಕೆಲಸ ಮುಗಿದಂತೆ.

ಹೊಸಬರು ಕೆಡಿಸೋದು ಚೌಕಟ್ಟಿನಲ್ಲೇ. ಒಂದು ಮೂಲೆಯನ್ನು ಪೂರ್ತಿ ಬೆಸೆದು ಮುಂದಿನದಕ್ಕೆ ಹೋದರೆ ಬಿಸಿಗೆ ಕಬ್ಬಿಣ ಎಳೆದುಕೊಂಡು ಚೌಕಟ್ಟು ತಿರುಚುತ್ತದೆ. ಗುಣಿಯಾ (ಮೂಲೆ ನೇರ ನೋಡುವ ಮಟ್ಟಪಟ್ಟಿ) ಇಟ್ಟು ನಾಲ್ಕೂ ಮೂಲೆಗೆ ಮೊದಲು ಟ್ಯಾಕ್, ಅಂದರೆ ಚುಕ್ಕೆಯಂಥ ಚಿಕ್ಕ ಬೆಸುಗೆ, ಹೊಡೆಯಿರಿ, ಮೂಲೆಯಿಂದ ಎದುರು ಮೂಲೆಗೆ ಟೇಪ್ ಹಿಡಿಯಿರಿ. ಎರಡೂ ಕಡೆ 671 ಮಿ.ಮೀ. ಬಂದರೆ ಸರಿ, ಬರದಿದ್ದರೆ ಈಗಲೇ ಬಡಿದು ಸರಿಮಾಡಿ. ಆಮೇಲೆ ಎದುರುಬದುರು ಮೂಲೆಗಳನ್ನು ಒಂದಾದ ಮೇಲೊಂದು ಬೆಸೆಯಿರಿ. ರಾಡಿನ ತುದಿ ಕೆಲಸದಿಂದ ರಾಡಿನ ದಪ್ಪದಷ್ಟೇ ದೂರವಿರಲಿ. ತೂತು ಬಿದ್ದರೆ ಆಂಪ್ ಹೆಚ್ಚಾಗಿದೆ ಅಥವಾ ಸಂದು ಅಗಲವಾಗಿದೆ. ರಾಡ್ ಅಂಟಿದರೆ ಆಂಪ್ ಕಡಿಮೆ, ಇಲ್ಲವೇ ಮಳೆಗಾಲದಲ್ಲಿ ತೆರೆದಿಟ್ಟ ಪ್ಯಾಕೆಟ್ ಥಂಡಿ ಹಿಡಿದಿದೆ.

ಜಾಲರಿಗೆ 10 ಮಿ.ಮೀ.ನ ಎರಡು ಚೌಕ ಸರಳು, ಅವುಗಳ ಮೇಲೆ 20 ಮಿ.ಮೀ. ಸಂದು ಬಿಟ್ಟು 8 ಮಿ.ಮೀ.ನ ಇಪ್ಪತ್ತು ದುಂಡು ಸರಳು. ಬೆಸುಗೆಯೆಲ್ಲಾ ಅಡಿಭಾಗದಲ್ಲೇ ಇರಲಿ. ಬೆಸುಗೆಯ ಮೇಲೆ ಕೂರುವ ಗಟ್ಟಿ ಪದರ, ಸ್ಲ್ಯಾಗ್, ಪೂರ್ತಿ ಕೆತ್ತಿ ವೈರ್ ಬ್ರಷ್ ಹಾಕಿ, ಇಲ್ಲದಿದ್ದರೆ ಅದು ಕಬಾಬಿಗೆ ಉದುರುತ್ತದೆ. ಜಾಲರಿಯನ್ನು ಚೌಕಟ್ಟಿಗೆ ಬೆಸೆಯಲೇಬೇಡಿ. 600 ಮಿ.ಮೀ. ಕಬ್ಬಿಣ 400 ಡಿಗ್ರಿ ಏರಿದರೆ ಸುಮಾರು 3 ಮಿ.ಮೀ. ಹಿಗ್ಗುತ್ತದೆ; ಒಟ್ಟು 5 ಮಿ.ಮೀ. ಸಡಿಲವಿದ್ದರೆ ಎತ್ತಿ ತೊಳೆಯಲೂ ಸುಲಭ. ಮನೆಯಲ್ಲಿ ಉಳಿದ ಟಿಎಂಟಿ ಸರಳು ಬೇಡ, ಅದರ ಗೀರುಗಳಲ್ಲಿ ಕೊಬ್ಬು ಕೂರುತ್ತದೆ.

ಗುಜರಿಯಲ್ಲಿ ಅಗ್ಗಕ್ಕೆ ಸಿಗುವ ಜಿ.ಐ. (ಸತು ಲೇಪಿಸಿದ ಕಬ್ಬಿಣ) ಪೈಪು, ತಗಡು ಮಾತ್ರ ಮುಟ್ಟಬೇಡಿ. ಬೆಸೆಯುವಾಗ ಸತುವಿನ ಹೊಗೆ ಕುಡಿದರೆ ಕೆಲವು ಗಂಟೆಗಳಲ್ಲಿ ಚಳಿಜ್ವರ ಬರುತ್ತದೆ, ಆಮೇಲೆ ಅದರ ಮೇಲೆ ಅಡುಗೆಯಂತೂ ಬೇಡವೇ ಬೇಡ. ಬಣ್ಣ ಕಾಲುಗಳಿಗಷ್ಟೇ. ಖಾಲಿ ಗ್ರಿಲ್ಲಿಗೆ ಅರ್ಧ ಗಂಟೆ ಬೆಂಕಿ ಕೊಟ್ಟು ಜಾಲರಿಗೆ ಶೇಂಗಾ ಎಣ್ಣೆ ಸವರಿ.

ಮಷೀನ್ ಬಾಳಿಕೆಗೆ ಒಂದೇ ದೊಡ್ಡ ಶತ್ರು: ಗ್ರೈಂಡರ್. ಕಬ್ಬಿಣದ ಪುಡಿಯನ್ನು ಮಷೀನಿನ ಫ್ಯಾನ್ ಒಳಗೆಳೆದುಕೊಂಡರೆ ಬೋರ್ಡ್ ಶಾರ್ಟ್ ಆಗುತ್ತದೆ. ಕತ್ತರಿಸುವಾಗ ಮಷೀನನ್ನು ದೂರವಿಡಿ.

ಗೇಟು, ಕಿಟಕಿ, ಸ್ಟ್ಯಾಂಡು ಅಂತ ಮುಂದೆಯೂ ಕೆಲಸ ಮಾಡುವವರಿಗೆ ಈ ಮಷೀನ್ ತಕ್ಕದ್ದು, ಮಾಸ್ಕ್ ಮತ್ತು ಕೇಬಲ್‌ನ ಖರ್ಚನ್ನು ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ. ಗ್ರಿಲ್ ಒಂದೇ ಸಾಕು ಎನ್ನುವವರು ಮೇಲಿನ ಅಳತೆ ಬರೆದುಕೊಂಡು ಕಪನೂರಿನ ಕಡೆಯ ಯಾವುದಾದರೂ ಫ್ಯಾಬ್ರಿಕೇಶನ್ ಶೆಡ್ಡಿಗೆ ಹೋಗಿ. ಕೆ.ಜಿ. ಲೆಕ್ಕದಲ್ಲಿ ರೇಟ್ ಹೇಳುತ್ತಾರೆ, ಈ ಗ್ರಿಲ್ 16-17 ಕೆ.ಜಿ. ತೂಗುತ್ತದೆ.