ರಜೆಗೆ ಹೋದಲ್ಲಿ ಕೊಲೆ: ಐದು ಸಿನಿಮಾ ಪಕ್ಕಪಕ್ಕ ಇಟ್ಟು ನೋಡಿದ್ದು

ದಸರಾ ರಜೆಗೆ ಅಕ್ಕ ಭಾವ ಮಗಳು ಪುಟ್ಟೀನ ಕರ್ಕೊಂಡು ಮನೆಗೆ ಬಂದಿದ್ರು, ಸಂಜೆ ಆದ್ರೆ ಮಳೆ, ಹೊರಗೆ ಕಾಲಿಡೋ ಹಾಗಿಲ್ಲ, ಸರಿ ದಿನಾ ರಾತ್ರಿ ಒಂದೊಂದು ಪತ್ತೇದಾರಿ ಸಿನಿಮಾ ಹಾಕೋಣ ಅಂತಾಯ್ತು. ನನ್ನದು ಒಂದೇ ಷರತ್ತು, ಕತೆ ರಜೆಯಲ್ಲೇ ನಡೀಬೇಕು, ಹಡಗೋ ದ್ವೀಪನೋ ಬೀಚ್ ಹೋಟೆಲ್ಲೋ ಯಾವುದಾದ್ರೂ ಸರಿ. ಭಾವ ಇನ್ನೊಂದು ರೂಲ್ ಸೇರಿಸಿದ್ರು: ಪತ್ತೇದಾರ ಎಲ್ಲಾರನ್ನೂ ಕೂರಿಸ್ಕೊಂಡು ಬಾಯಿ ತೆಗೆಯೋ ಮೊದ್ಲು ಪಾಸ್ ಒತ್ತೋದು, ಒಬ್ಬೊಬ್ರೂ ಚೀಟೀಲಿ ಕೊಲೆಗಾರನ ಹೆಸ್ರು ಬರ್ದು ಸ್ಟೀಲ್ ಡಬ್ಬಿಗೆ ಹಾಕೋದು. ಕೊಲೆ ಯಾರು ಮಾಡಿದ್ದು ಅಂತ ನಾನಿಲ್ಲಿ ಎಲ್ಲೂ ಬಿಟ್ಟುಕೊಟ್ಟಿಲ್ಲ, ಧೈರ್ಯವಾಗಿ ಓದಿ.

ಮೊದ್ಲೆರಡು ರಾತ್ರಿ 'ಡೆತ್ ಆನ್ ದಿ ನೈಲ್', 1978ರದ್ದು, ಆಮೇಲೆ 2022ರದ್ದು. ಕತೆ ಒಂದೇ, ಗೆಳತಿ ಮದುವೆ ಆಗ್ಬೇಕಿದ್ದ ಹುಡುಗನನ್ನ ಶ್ರೀಮಂತೆ ಒಬ್ಳು ತಾನೇ ಮದುವೆ ಆಗಿ ಈಜಿಪ್ಟಿಗೆ ಹನಿಮೂನ್ ಬರ್ತಾಳೆ, ಆ ಗೆಳತಿ ಇವರು ಹೋದಲ್ಲೆಲ್ಲಾ ಬೆನ್ನು ಹತ್ತುತ್ತಾಳೆ. ಹಳೇದ್ರಲ್ಲಿ ಪತ್ತೇದಾರ ಪೊಯ್ರೋ ಆಗಿರೋದು ಪೀಟರ್ ಉಸ್ತಿನೋವ್, ಹೊಸದ್ರಲ್ಲಿ ಕೆನೆತ್ ಬ್ರಾನಾ, ಡೈರೆಕ್ಷನ್ನೂ ಅವರದ್ದೇ. ಹಳೇ ಸಿನಿಮಾದವರು ನಿಜವಾಗ್ಲೂ ಈಜಿಪ್ಟಿಗೆ ಹೋಗಿ ನಿಜವಾದ ಹಬೆ ಹಡಗಿನ ಮೇಲೇ ಶೂಟ್ ಮಾಡಿದ್ದಾರೆ, ಮಧ್ಯಾಹ್ನದ ಬಿಸಿಲು ತಡೆಯೋಕಾಗದೇ ಬೆಳಗಿನ ಜಾವ ನಾಲ್ಕಕ್ಕೇ ಮೇಕಪ್ಪಿಗೆ ಕೂರ್ತಿದ್ರಂತೆ. ಅದು ಪರದೆ ಮೇಲೆ ಕಾಣುತ್ತೆ ಕಣ್ರೀ. ಕಾರ್ನಾಕ್ ದೇವಸ್ಥಾನದ ಆ ದಪ್ಪ ಕಂಬಗಳ ಮಧ್ಯೆ ಒಬ್ಬೊಬ್ರೂ ಒಂದೊಂದು ಕಡೆ ಚದುರಿ ಓಡಾಡ್ತಾರಲ್ಲ, ಯಾರ ಹಿಂದೆ ಯಾರಿದ್ದಾರೆ ಅಂತ ನಮಗೂ ಗೊತ್ತಾಗಲ್ಲ, ಅಮ್ಮ ಅಂತೂ ಸೆರಗು ಬಾಯಿಗೆ ಹಿಡ್ಕೊಂಡು ಕೂತಿದ್ರು.

ಹೊಸದ್ರಲ್ಲಿ ಹಡಗು, ದೇವಸ್ಥಾನ ಎಲ್ಲಾ ಬಹುಪಾಲು ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಕಟ್ಟಿದ್ದು. ನೋಡೋಕೆ ಚೆನ್ನಾಗೇ ಇದೆ, ಆದ್ರೆ ಯಾರ ಹಣೆ ಮೇಲೂ ಬೆವರಿಲ್ಲ, ಬೆಳಕು ಎಲ್ಲಾ ಹೊತ್ತಲ್ಲೂ ಸಂಜೆ ಥರಾನೇ ಇರುತ್ತೆ. ಪೊಯ್ರೋ ಯಾಕೆ ಆ ಮೀಸೆ ಬಿಟ್ಟ ಅನ್ನೋದಕ್ಕೆ ಮೊದಲನೇ ಮಹಾಯುದ್ಧದ ಒಂದು ಕಪ್ಪು ಬಿಳುಪು ಸೀನ್ ಇಟ್ಟಿದ್ದಾರೆ, ಆ ಸಂಕಟ ನನಗೆ ತುಂಬಾ ಹಿಡಿಸ್ತು. ಉತ್ತರ ಮೊದ್ಲೇ ಗೊತ್ತಿದ್ದು ನೋಡಿದ್ರಿಂದ ಇದಕ್ಕೆ ಸ್ವಲ್ಪ ಅನ್ಯಾಯ ಆಗಿರಬಹುದು ಅನ್ನೋದನ್ನೂ ಹೇಳ್ಬೇಕು. ಒಂದು ಖುಷಿ ವಿಷ್ಯ, ಎರಡ್ರಲ್ಲೂ ನಮ್ಮ ದೇಶದವರಿದ್ದಾರೆ, ಹಳೇದ್ರಲ್ಲಿ ಹಡಗಿನ ಮ್ಯಾನೇಜರ್ ಆಗಿ ಐ.ಎಸ್. ಜೋಹರ್, ಹೊಸದ್ರಲ್ಲಿ ಅಲಿ ಫಜಲ್. ಅಪ್ಪ ಜೋಹರನ್ನ ನೋಡಿದ ತಕ್ಷಣ ಗುರುತು ಹಿಡಿದ್ರು, ಪುಟ್ಟಿ ಫಜಲನ್ನ.

ಮೂರನೇ ರಾತ್ರಿ 'ಈವಿಲ್ ಅಂಡರ್ ದಿ ಸನ್', 1982ರದ್ದು, ಇದ್ರಲ್ಲೂ ಉಸ್ತಿನೋವೇ. ಅಗಾಥಾ ಕ್ರಿಸ್ಟಿ ಕಾದಂಬರೀಲಿ ಇದು ಇಂಗ್ಲೆಂಡಿನ ಡೆವನ್ ಕಡಲತೀರದ ಕತೆ, ಸಿನಿಮಾದವರು ಅದನ್ನ ಏಡ್ರಿಯಾಟಿಕ್ ಸಮುದ್ರದ ಒಂದು ಕಾಲ್ಪನಿಕ ರಾಜ್ಯಕ್ಕೆ ತಗೊಂಡು ಹೋಗಿದ್ದಾರೆ, ಶೂಟಿಂಗ್ ಆಗಿದ್ದು ಸ್ಪೇನಿನ ಮಯೋರ್ಕಾದಲ್ಲಿ. ಒಂದೇ ಹೋಟೆಲ್ಲು, ಸುತ್ತ ಸಣ್ಣ ಸಣ್ಣ ಕೊಲ್ಲಿ, ಒಂದು ಕೊಲ್ಲಿಗೆ ಮೇಲಿಂದ ಏಣಿ ಇಳ್ಕೊಂಡೇ ಹೋಗ್ಬೇಕು ಇಲ್ಲಾ ದೋಣೀಲಿ ಬರ್ಬೇಕು. ಮಧ್ಯಾಹ್ನ ಹನ್ನೆರಡಕ್ಕೆ ಫಿರಂಗಿ ಹೊಡೀತಾರೆ. ಮಧ್ಯಾಹ್ನದ ಹೊತ್ತಲ್ಲಿ ಯಾರೋ ಸ್ನಾನ ಮಾಡಿದ್ದಾರೆ, ಕೇಳಿದ್ರೆ ಯಾರೂ ಒಪ್ಪಲ್ಲ.

ಅಪ್ಪ ಸರ್ವೆ ಇಲಾಖೇಲಿ ಮೂವತ್ತು ವರ್ಷ ಕೆಲ್ಸ ಮಾಡಿ ರಿಟೈರ್ ಆದವರು. ಕೊಲೆ ಆಗಿ ಹತ್ತು ನಿಮಿಷಕ್ಕೆ ಎದ್ದು ಹೋಗಿ ಹೋದ ತಿಂಗಳ ಕ್ಯಾಲೆಂಡರ್ ಹಾಳೆ ಹರ್ಕೊಂಡು ಬಂದು ಅದ್ರ ಹಿಂದೆ ದ್ವೀಪದ ನಕ್ಷೆ ಬರೆಯೋಕೆ ಶುರು ಮಾಡಿದ್ರು, ಹೋಟೆಲ್ಲು ಇಲ್ಲಿ, ಏಣಿ ಇಲ್ಲಿ, ಟೆನ್ನಿಸ್ ಕೋರ್ಟ್ ಇಲ್ಲಿ, ಒಬ್ಬೊಬ್ರು ಎಷ್ಟೊತ್ತಿಗೆ ಎಲ್ಲಿದ್ದೆ ಅಂದ್ರೋ ಅದನ್ನ ಅವರವರ ಹೆಸರಿನ ಪಕ್ಕ ಪೆನ್ಸಿಲಲ್ಲಿ ಬರೀತಾ ಹೋದ್ರು. ಪಾಸ್ ಒತ್ತಿದಾಗ ಸುಮಾರು ಹೊತ್ತು ಹಾಳೆ ನೋಡಿ 'ಇಲ್ಲೊಂದು ಟೈಮ್ ಕೂರ್ತಾ ಇಲ್ಲ ಕಣೋ' ಅಂದು ಚೀಟಿ ಬರೆದ್ರು. ಸರಿಯಾಗಿತ್ತು! ಉತ್ತರ ಮೊದ್ಲೇ ಗೊತ್ತಿದ್ದ ಎರಡನೇ ರಾತ್ರಿ ಬಿಟ್ರೆ ಡಬ್ಬಿಯಿಂದ ಬಂದ ಒಂದೇ ಸರಿ ಚೀಟಿ ಅದು. ರಜೆ ಕತೆ ಅಂದ್ರೆ ನನಗೆ ಇದೇ ಬೇಕಾಗಿದ್ದು, ಜಾಗ ಬರೀ ಹಿಂದ್ಗಡೆ ಪರದೆ ಥರ ಇರಬಾರದು, ಆ ಕೊಲ್ಲಿ, ಏಣಿ, ಫಿರಂಗಿ ಇಲ್ದೇ ಇದ್ರೆ ಈ ಕೊಲೇನೇ ಆಗ್ತಿರಲಿಲ್ಲ. ನನ್ನ ಲೆಕ್ಕದಲ್ಲಿ ಐದರಲ್ಲಿ ಇದೇ ಮೊದಲು.

'ಗ್ಲಾಸ್ ಆನಿಯನ್' (2022) ನೆಟ್‌ಫ್ಲಿಕ್ಸಲ್ಲಿದೆ, ಗ್ರೀಸ್ ದ್ವೀಪ, ಕತೆ ನಡೆಯೋದು 2020ರ ಮೇ ತಿಂಗಳು, ಕೊರೊನಾ ಕಾಲ. ಪುಟ್ಟಿಗೆ ಇದೇ ಫೇವರಿಟ್. ಅರ್ಧ ಆದ್ಮೇಲೆ ಕತೆ ಹಿಂದಕ್ಕೆ ಹೋಗಿ ನಾವು ನೋಡಿದ್ದನ್ನೇ ಬೇರೆ ಕಡೆಯಿಂದ ತೋರಿಸುತ್ತೆ, ಹಾಗಾಗಿ ಪಾಸ್ ಎಲ್ಲಿ ಒತ್ತಬೇಕು ಅಂತಾನೇ ಗೊತ್ತಾಗ್ಲಿಲ್ಲ. ನಗು ಜಾಸ್ತಿ, ಪತ್ತೇದಾರನಾಗಿ ಡೇನಿಯಲ್ ಕ್ರೇಗ್ ಮಾತಾಡೋ ರೀತಿ ಸೊಗಸು, ಆದ್ರೆ ಆ ದ್ವೀಪದ ನಕ್ಷೆ ಬರೀರಿ ಅಂದ್ರೆ ಬರೆಯೋಕಾಗಲ್ಲ.

ಕೊನೇ ರಾತ್ರಿ ಪುಟ್ಟಿ ಮಲಗಿದ ಮೇಲೆ 'ದಿ ಲಾಸ್ಟ್ ಆಫ್ ಶೀಲಾ', 1973. ಫ್ರಾನ್ಸಿನ ದಕ್ಷಿಣ ಕಡಲತೀರ, ಸಿನಿಮಾ ನಿರ್ಮಾಪಕನೊಬ್ಬ ಆರು ಜನರನ್ನ ತನ್ನ ಯಾಟ್‌ಗೆ ಕರೆದು ಒಬ್ಬೊಬ್ರಿಗೂ ಒಂದೊಂದು ಗುಟ್ಟಿನ ಚೀಟಿ ಕೊಟ್ಟು ಆಟ ಆಡಿಸ್ತಾನೆ. ಬರೆದಿರೋದು ಸಂಗೀತ ನಾಟಕಗಳ ಸ್ಟೀಫನ್ ಸೋಂಡ್‌ಹೈಮ್, 'ಸೈಕೋ' ಸಿನಿಮಾದ ನಟ ಆಂಥನಿ ಪರ್ಕಿನ್ಸ್ ಸೇರಿ. ಗುಟ್ಟುಗಳಲ್ಲಿ ಕೆಲವು ತುಂಬಾ ಕಹಿ, ಮಕ್ಕಳ ಜೊತೆ ಬೇಡ. ಆದ್ರೆ ಒಗಟು ಅಂದ್ರೆ ಇದು. ಶುರುನಲ್ಲೇ ಎಲ್ಲಾರೂ ನಿಂತು ಒಂದು ಫೋಟೋ ತೆಗೆಸ್ಕೊತಾರೆ, ಅದನ್ನ ಕಣ್ಣಿಟ್ಟು ನೋಡ್ಕೊಳಿ, ಅಕ್ಕ ಆಮೇಲೆ ಮೂರು ಸಲ ರಿವೈಂಡ್ ಮಾಡಿಸಿದ್ಲು. ಇದೇ ಸೋಂಡ್‌ಹೈಮ್ 'ಗ್ಲಾಸ್ ಆನಿಯನ್'ನಲ್ಲಿ ವಿಡಿಯೋ ಕಾಲಲ್ಲಿ ಒಂದು ಕ್ಷಣ ಬರ್ತಾರೆ, ಜೊತೆಗೆ ಹಳೇ ನೈಲ್ ಸಿನಿಮಾದ ಆಂಜೆಲಾ ಲ್ಯಾನ್ಸ್‌ಬರಿ ಕೂಡ. ಆ ಸಿನಿಮಾ ತೆರೆಗೆ ಬರೋ ಹೊತ್ತಿಗೆ ಇಬ್ರೂ ತೀರ್ಕೊಂಡಿದ್ರು, ಅದು ಗೊತ್ತಾದ್ಮೇಲೆ ಆ ಸೀನ್ ಮತ್ತೆ ಹಾಕಿ ನೋಡ್ದೆ, ಗಂಟಲು ಕಟ್ತು.

ನಿಮ್ಮನೇಲಿ ದೊಡ್ಡೋರು ಚಿಕ್ಕೋರು ಒಟ್ಟಿಗೆ ಕೂತು ನೋಡೋದಾದ್ರೆ 1982ರದ್ದು ಹಾಕಿ, ಪಕ್ಕದಲ್ಲಿ ಪೇಪರ್ ಪೆನ್ಸಿಲ್ ಇರ್ಲಿ. ಒಬ್ರೇ ರಾತ್ರಿ ನೋಡೋದಾದ್ರೆ ಶೀಲಾ. ನೈಲ್ ಒಂದೇ ನೋಡ್ತೀವಿ ಅಂದ್ರೆ ಹಳೇದು. ಊರಿಗೆ ಹೊರಡೋ ದಿನ ಬೆಳಿಗ್ಗೆ ಪುಟ್ಟಿ ಆ ಕ್ಯಾಲೆಂಡರ್ ಹಾಳೆ ಹಿಡ್ಕೊಂಡು ಸಿನಿಮಾನ ಮತ್ತೆ ಮೊದಲಿಂದ ಹಾಕಿದ್ಲು, 'ತಾತ, ಏಣಿ ಇಳಿಯೋಕೆ ಎಷ್ಟು ನಿಮಿಷ ಹಾಕಿದೀರ, ಅದು ಸಾಲಲ್ಲ' ಅಂತ. ಅಪ್ಪ ಕಾಫಿ ಲೋಟ ಕೆಳಗಿಟ್ಟು ಪೆನ್ಸಿಲ್ ತಗೊಂಡು ಮತ್ತೆ ಕೂತ್ರು.