ಹಳೆಯದಕ್ಕೆ ಹೊಸ ಬ್ಯಾಟರಿಯೋ, ಹೊಸ ಆಂಡ್ರಾಯ್ಡೋ, ಐಫೋನೋ?

ಫೋನ್ ಬದಲಿಸಬೇಕೆನ್ನುವವರು ಸಾಮಾನ್ಯವಾಗಿ ಎರಡು ಹೊಸ ಫೋನ್‌ಗಳನ್ನು ಅಕ್ಕಪಕ್ಕ ಇಟ್ಟು ಕ್ಯಾಮೆರಾ, ಪರದೆ, ಪ್ರಾಸೆಸರ್ ಎಂದು ಅಳೆಯಲು ಕೂರುತ್ತಾರೆ. ಕೈಯಲ್ಲಿ ಈಗಾಗಲೇ ಇರುವ ಫೋನಿಗೆ ಆ ಪಟ್ಟಿಯಲ್ಲಿ ಜಾಗವೇ ಇರುವುದಿಲ್ಲ. ನಾನು ಅದನ್ನೂ ಸ್ಪರ್ಧೆಗೆ ಇಳಿಸಿದೆ. ಒಂದು, ನನ್ನ ನಾಲ್ಕು ವರ್ಷ ಹಳೆಯ ಆಂಡ್ರಾಯ್ಡ್, ಹೊಸ ಬ್ಯಾಟರಿಯೊಂದಿಗೆ. ಎರಡು, ತಮ್ಮ ಇತ್ತೀಚೆಗೆ ಕೊಂಡ, ಅದೇ ಕಂಪನಿಯ ಹೊಸ ಆಂಡ್ರಾಯ್ಡ್. ಮೂರು, ಅಕ್ಕ ಇನ್ನೂ ಹೊಸದನ್ನು ಕೊಂಡ ಮೇಲೆ ಡ್ರಾಯರ್ ಸೇರಿದ್ದ ಐಫೋನ್ 15. ಮೂರರಲ್ಲೂ ಸರದಿಯಂತೆ ನನ್ನ ಸಿಮ್ ಹಾಕಿಕೊಂಡು, ನನ್ನ ದಿನನಿತ್ಯದ ಕೆಲಸಗಳನ್ನೇ ಮಾಡಿದೆ. ಅಂಗಡಿಯಲ್ಲಿ ಹತ್ತು ನಿಮಿಷ ಹಿಡಿದು ನೋಡಿದರೆ ಯಾವ ಫೋನೂ ಕೆಟ್ಟದಾಗಿ ಕಾಣುವುದಿಲ್ಲ. ಒಟಿಪಿ ಬರಬೇಕು, ಕಚೇರಿಯ ಕಡತ ತೆರೆಯಬೇಕು, ಒಂದು ಕೈಯಲ್ಲಿ ಚೀಲ ಹಿಡಿದು ಇನ್ನೊಂದು ಕೈಯಲ್ಲಿ ಉತ್ತರ ಬರೆಯಬೇಕು. ಗುಣಾವಗುಣ ತಿಳಿಯುವುದು ಅಂಥ ಹೊತ್ತಿನಲ್ಲಿ.

ಮೊದಲು ಹಳೆಯ ಫೋನಿನ ದೂರುಗಳನ್ನು ಹೇಳಿಬಿಡುತ್ತೇನೆ. ಸಂಜೆಯ ಹೊತ್ತಿಗೆ ಚಾರ್ಜ್ ಖಾಲಿ. ಶೇಕಡಾ 30 ಇದೆ ಎಂದು ತೋರಿಸುತ್ತಲೇ ತಟ್ಟನೆ ಆರಿಹೋಗುವ ಚಾಳಿ, ಅದೂ ಕ್ಯಾಮೆರಾ ತೆರೆದಾಗಲೇ. ಇದು ಫೋನಿನ ಮುಪ್ಪು ಎಂದು ಎಲ್ಲರೂ ಹೇಳಿದರು. ಆದರೆ ಇದು ಬ್ಯಾಟರಿಯೊಂದರದೇ ಮುಪ್ಪು. ಲಿಥಿಯಂ ಅಯಾನ್ ಬ್ಯಾಟರಿ ಹಳತಾದಂತೆ ಅದು ಹಿಡಿದಿಡುವ ಚಾರ್ಜ್ ಕಡಿಮೆಯಾಗುತ್ತದೆ, ಒಳಗಿನ ವಿದ್ಯುತ್ ರೋಧವೂ ಹೆಚ್ಚುತ್ತದೆ. ಕ್ಯಾಮೆರಾ, ಪರದೆ, ಪ್ರಾಸೆಸರ್ ಒಟ್ಟಿಗೆ ವಿದ್ಯುತ್ ಕೇಳಿದ ಕ್ಷಣದಲ್ಲಿ ವೋಲ್ಟೇಜ್ ಕುಸಿಯುತ್ತದೆ, ಫೋನ್ ಆರುತ್ತದೆ. ಇದನ್ನು ತಡೆಯಲೆಂದೇ ಹಳೆಯ ಐಫೋನ್‌ಗಳ ಪ್ರಾಸೆಸರ್ ವೇಗವನ್ನು ತಗ್ಗಿಸುತ್ತಿದ್ದೇವೆ ಎಂದು ಆಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಗದ್ದಲವೆದ್ದ ಮೇಲೆ, 2018ರ ಐಒಎಸ್ 11.3ರಲ್ಲಿ (ಐಒಎಸ್ ಎಂದರೆ ಐಫೋನನ್ನು ನಡೆಸುವ ತಂತ್ರಾಂಶ) ಬ್ಯಾಟರಿಯ ಆರೋಗ್ಯವನ್ನು ಸೆಟ್ಟಿಂಗ್ಸ್‌ನಲ್ಲೇ ತೋರಿಸತೊಡಗಿತು. ಐಫೋನ್ 14 ಮತ್ತು ಅದಕ್ಕೂ ಹಿಂದಿನವುಗಳ ಬ್ಯಾಟರಿ 500 ಪೂರ್ಣ ಚಾರ್ಜ್ ಸುತ್ತುಗಳ ನಂತರ ಮೂಲ ಸಾಮರ್ಥ್ಯದ ಶೇಕಡಾ 80ನ್ನು ಉಳಿಸಿಕೊಳ್ಳುವಂತೆ ರೂಪಿತವಾಗಿದೆ, ಐಫೋನ್ 15ರದ್ದು 1000 ಸುತ್ತುಗಳಿಗೆ ಎಂಬುದು ಆಪಲ್ ಕಂಪನಿಯದೇ ಲೆಕ್ಕ. ದಿನಕ್ಕೊಂದು ಸುತ್ತು ಎಂದುಕೊಂಡರೆ ನಾಲ್ಕು ವರ್ಷದ ಫೋನ್ ಏಕೆ ನಿಟ್ಟುಸಿರು ಬಿಡುತ್ತದೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಬ್ಯಾಟರಿ ಬದಲಿಸುವುದನ್ನು ನಿಂತು ನೋಡಿದೆ. ಹಿಂಬದಿಯ ಗಾಜನ್ನು ಬಿಸಿ ಮಾಡಿ ಅಂಟು ಸಡಿಲಿಸಿ, ತೆಳುವಾದ ಪ್ಲಾಸ್ಟಿಕ್ ಪಟ್ಟಿಯನ್ನು ಅಂಚಿನುದ್ದಕ್ಕೂ ಮೆಲ್ಲಗೆ ಓಡಿಸಿದರು. ಒಳಗೆ ಅರ್ಧ ಜಾಗವನ್ನೇ ಆಕ್ರಮಿಸಿಕೊಂಡ ಕಪ್ಪು ಚೀಟಿಯಂಥ ಬ್ಯಾಟರಿ, ನಡುವೆ ಸ್ವಲ್ಪ ಉಬ್ಬಿತ್ತು. ಉಬ್ಬಿದ್ದನ್ನು ಕಂಡ ಮೇಲೆ ಬದಲಿಸುವುದೋ ಬೇಡವೋ ಎಂಬ ಚರ್ಚೆಗೆ ಅವಕಾಶವೇ ಇರಲಿಲ್ಲ. ಮುಚ್ಚುವಾಗ ಹೊಸ ಅಂಟುಪಟ್ಟಿ ಹಾಕಿದರೇ ಎಂದು ಕೇಳಿ ಖಚಿತಪಡಿಸಿಕೊಂಡೆ. ಹಳೆಯ ಅಂಟಿನ ಮೇಲೆಯೇ ಒತ್ತಿ ಮುಚ್ಚಿದರೆ ನೀರು ತಡೆಯುವ ಗುಣ ಹೋದಂತೆಯೇ. ಹೊಸ ಅಂಟು ಹಾಕಿದರೂ ಮೊದಲಿನಷ್ಟು ಭದ್ರ ಎಂದು ನಂಬಿ ಫೋನನ್ನು ನೀರಿನ ಹತ್ತಿರ ಒಯ್ಯಬಾರದು.

ಫಲಿತಾಂಶ? ತಟ್ಟನೆ ಆರುವುದು ನಿಂತಿತು. ರಾತ್ರಿಯವರೆಗೆ ಚಾರ್ಜ್ ಉಳಿಯತೊಡಗಿತು. ವೇಗ ಮಾತ್ರ ಅಷ್ಟೇನೂ ಸುಧಾರಿಸಲಿಲ್ಲ. ಅದರ ಗುಟ್ಟು ಸ್ಟೋರೇಜ್‌ನಲ್ಲಿತ್ತು. ವಾಟ್ಸ್‌ಆ್ಯಪ್ ಗುಂಪುಗಳ ಶುಭೋದಯ ಚಿತ್ರಗಳು, ಒಂದೇ ಮದುವೆಯ ಒಂದೇ ವಿಡಿಯೋ ನಾಲ್ಕು ಕಡೆಯಿಂದ ಬಂದಿದ್ದು, ಎಂದೋ ಇಳಿಸಿಕೊಂಡು ಮರೆತ ಪಿಡಿಎಫ್‌ಗಳು. ಸ್ಟೋರೇಜ್ ತುಂಬಿ ತುಳುಕುವ ಫೋನಿನಲ್ಲಿ ಹೊಸದನ್ನು ಬರೆಯಲು ಜಾಗ ಹುಡುಕುವುದೇ ಒಂದು ಕೆಲಸವಾಗುತ್ತದೆ. ಅವನ್ನೆಲ್ಲ ಗುಡಿಸಿ ಹಾಕಿದ ಮೇಲೆ ಫೋನ್ ಹಗುರಾಯಿತು. ಮಂದ ಬೆಳಕಿನ ಫೋಟೋ ಮಾತ್ರ ಹಿಂದಿನಂತೆಯೇ ಮಸುಕು. ಬಿಸಿಲಿನಲ್ಲಿ ಪರದೆ ಓದಲು ಈಗಲೂ ಕೈ ಅಡ್ಡ ಹಿಡಿಯಬೇಕು.

ಹಳೆಯದರ ನಿಜವಾದ ಕೊರತೆ ಇವೆರಡೂ ಅಲ್ಲ. ಸೆಟ್ಟಿಂಗ್ಸ್‌ನೊಳಗೆ, ಆಂಡ್ರಾಯ್ಡ್ ಆವೃತ್ತಿಯ ಪುಟದಲ್ಲಿ, ಸೆಕ್ಯುರಿಟಿ ಅಪ್‌ಡೇಟ್ ಎಂಬ ಸಾಲಿನಲ್ಲಿ ಒಂದು ದಿನಾಂಕವಿರುತ್ತದೆ. ಹೆಚ್ಚಿನವರು ಅದನ್ನು ತೆರೆದೇ ನೋಡಿರುವುದಿಲ್ಲ. ಕ್ಯಾಮೆರಾ ಮೆಗಾಪಿಕ್ಸೆಲ್‌ಗಿಂತ ಆ ದಿನಾಂಕ ನನಗೆ ಮುಖ್ಯ. ಅದು ತಿಂಗಳುಗಟ್ಟಲೆ ಮುಂದಕ್ಕೆ ಸರಿಯದಿದ್ದರೆ ಕಂಪನಿ ನಿಮ್ಮ ಫೋನಿನ ಕೈಬಿಟ್ಟಿರಬಹುದು ಎಂದರ್ಥ. ಆಮೇಲೆ ಪತ್ತೆಯಾಗುವ ದೋಷಗಳಿಗೆ ತೇಪೆ ಬರುವುದಿಲ್ಲ. ಬ್ಯಾಂಕಿನ ವ್ಯವಹಾರ ಮಾಡುವ ಫೋನಿಗೆ ಇದು ಸಣ್ಣ ಮಾತಲ್ಲ. ನನ್ನ ಫೋನಿಗೆ ಅಪ್‌ಡೇಟ್ ಇನ್ನೂ ಬರುತ್ತಿದೆ, ಕಂಪನಿ ಹೇಳಿರುವ ಗಡುವು ಮುಗಿಯುವುದು ಮುಂದಿನ ವರ್ಷ. ಹೊಸ ಬ್ಯಾಟರಿಯಿಂದ ನಾನು ಕೊಂಡದ್ದು ಅಷ್ಟು ಕಾಲವನ್ನು.

ತಮ್ಮನ ಹೊಸ ಆಂಡ್ರಾಯ್ಡ್ ಬಗ್ಗೆ ಹೇಳುವುದು ಕಡಿಮೆ, ಏಕೆಂದರೆ ಅದು ತೊಂದರೆಯನ್ನೇ ಕೊಡಲಿಲ್ಲ. ಎರಡೂ ಫೋನಿಗೆ ಕೇಬಲ್ ಚುಚ್ಚಿದರೆ ಸಂಪರ್ಕಗಳು, ಫೋಟೋಗಳು, ಆ್ಯಪ್‌ಗಳು ತಾವಾಗಿ ಹರಿದು ಬಂದವು. ವಾಟ್ಸ್‌ಆ್ಯಪ್ 2023ರಲ್ಲಿ ತಂದ ಸೌಲಭ್ಯದಿಂದ, ಒಂದು ಫೋನಿನ ಕ್ಯುಆರ್ ಕೋಡನ್ನು ಇನ್ನೊಂದರಲ್ಲಿ ಸ್ಕ್ಯಾನ್ ಮಾಡಿದರೆ ಹಳೆಯ ಮಾತುಕತೆಗಳೆಲ್ಲ ಬರುತ್ತವೆ. ಎರಡೂ ಆಂಡ್ರಾಯ್ಡ್ ಆಗಿರಬೇಕು, ಇಲ್ಲವೇ ಎರಡೂ ಐಫೋನ್ ಆಗಿರಬೇಕು. 120 ಹರ್ಟ್ಸ್, ಅಂದರೆ ಸೆಕೆಂಡಿಗೆ 120 ಬಾರಿ ಚಿತ್ರ ಬದಲಿಸುವ ಪರದೆಯ ಮೇಲೆ ಅಕ್ಷರಗಳು ಜಾರುವ ನಯ, ಬಿಸಿಲಿನಲ್ಲೂ ಓದಿಸುವ ಬೆಳಕು, ಕತ್ತಲಲ್ಲೂ ಮುಖ ಹಿಡಿಯುವ ಕ್ಯಾಮೆರಾ ಎಲ್ಲವೂ ಮೆಚ್ಚುವಂಥವೇ. ಹಗಲಲ್ಲಿ ತೆಗೆದ ಫೋಟೋಗಳನ್ನು ಮಾತ್ರ ಮನೆಯವರ ಮುಂದೆ ಇಟ್ಟು ಯಾವುದು ಹಳೆಯ ಫೋನಿನದು ಎಂದು ಕೇಳಿದೆ. ಅಪ್ಪ ಖಚಿತವಾಗಿ ಬೆರಳಿಟ್ಟು ತೋರಿಸಿದ್ದು ಹೊಸದರ ಫೋಟೋವನ್ನು. ಕೃತಕ ಬುದ್ಧಿಮತ್ತೆಯ ಹೆಸರಿನಲ್ಲಿ ತುಂಬಿದ್ದ ಸೌಲಭ್ಯಗಳಲ್ಲಿ ಫೋಟೋದ ಹಿನ್ನೆಲೆಯಲ್ಲಿ ನುಸುಳಿದವರನ್ನು ಅಳಿಸುವುದೊಂದು ನನಗೆ ಉಪಯೋಗಕ್ಕೆ ಬಂತು. ಉಳಿದವು ಜಾಹೀರಾತಿಗೇ ಹೆಚ್ಚು ಉಪಯೋಗ ಎನ್ನಿಸಿತು.

ಪಾಳಯ ಬದಲಿಸುವ ಕತೆಯೇ ಬೇರೆ. ಐಫೋನಿಗೆ ಹೋಗಲು ಆಪಲ್ ಕಂಪನಿಯೇ ಆಂಡ್ರಾಯ್ಡ್‌ಗಾಗಿ ಕೊಟ್ಟಿರುವ ‘ಮೂವ್ ಟು ಐಒಎಸ್’ ಆ್ಯಪ್ ಇದೆ. 2022ರಿಂದ ವಾಟ್ಸ್‌ಆ್ಯಪ್ ಮಾತುಕತೆಗಳೂ ಅದರ ಮೂಲಕ ದಾಟುತ್ತವೆ. ಷರತ್ತು ಏನೆಂದರೆ ಐಫೋನ್ ಹೊಚ್ಚ ಹೊಸದಾಗಿರಬೇಕು, ಇಲ್ಲವೇ ಎಲ್ಲವನ್ನೂ ಒರೆಸಿ ಮೊದಲಿನ ಸ್ಥಿತಿಗೆ ತಂದಿರಬೇಕು. ಗೂಗಲ್ ಡ್ರೈವ್‌ನಲ್ಲಿ ವಾಟ್ಸ್‌ಆ್ಯಪ್ ಬ್ಯಾಕಪ್ ಇದೆಯಲ್ಲ ಎಂದು ಧೈರ್ಯವಾಗಿ ಹಳೆಯ ಫೋನನ್ನು ಅಳಿಸಿಬಿಟ್ಟರೆ ಕೆಟ್ಟಿರಿ. ಆ ಬ್ಯಾಕಪ್ಪನ್ನು ಐಫೋನ್ ಓದುವುದಿಲ್ಲ. ಹಣ ಕೊಟ್ಟು ಕೊಂಡ ಆ್ಯಪ್‌ಗಳು ಆಚೆಗೆ ದಾಟುವುದಿಲ್ಲ, ಅಲ್ಲಿ ಬೇಕೆಂದರೆ ಮತ್ತೆ ಕೊಳ್ಳಬೇಕು. ಬ್ಯಾಂಕಿನ ಆ್ಯಪ್‌ಗಳಲ್ಲಿ ಎಲ್ಲವೂ ಮೊದಲಿನಿಂದ: ಸಿಮ್ ಪರಿಶೀಲನೆ, ಹೊಸ ಪಿನ್, ಹೊಸ ಸಾಧನವೆಂಬ ಎಚ್ಚರಿಕೆಯ ಸಂದೇಶ. ಅದರಲ್ಲೊಂದು ಆ್ಯಪ್ ನನ್ನನ್ನು ಗುರುತಿಸಲು ಒಪ್ಪದೆ ಶಾಖೆಗೇ ಅಲೆಸಿತು. ಎರಡು ಹಂತದ ಲಾಗಿನ್ ಕೋಡ್‌ಗಳನ್ನು ಹಳೆಯ ಫೋನಿನಲ್ಲೇ ಇಟ್ಟುಕೊಂಡಿದ್ದವರಿಗೆ ಇನ್ನೂ ಕಷ್ಟ. ಅಂಥ ಕೋಡ್ ಕೊಡುವ ಆ್ಯಪ್ ಆದ ಗೂಗಲ್ ಅಥೆಂಟಿಕೇಟರ್ 2023ರಿಂದ ಅವುಗಳನ್ನು ಗೂಗಲ್ ಖಾತೆಯಲ್ಲಿ ಉಳಿಸಿಕೊಳ್ಳಲು ಬಿಡುತ್ತದೆ. ದಾಟುವ ಮುನ್ನ ಅದನ್ನು ಆನ್ ಮಾಡಿಕೊಂಡಿದ್ದರಿಂದ ಆ ಪಾಡು ನನಗೆ ತಪ್ಪಿತು.

ಕೈಗಡಿಯಾರದ ವಿಷಯದಲ್ಲಿ ದಾರಿಯೇ ಇಲ್ಲ. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ವಾಚ್ 4 ಮತ್ತು ಅದರ ನಂತರದವು ಐಫೋನಿನೊಂದಿಗೆ ಕೂಡುವುದಿಲ್ಲ, ಆಪಲ್ ವಾಚ್ ಆಂಡ್ರಾಯ್ಡ್‌ನೊಂದಿಗೆ ಕೂಡುವುದಿಲ್ಲ. ನನ್ನದು ಮೊದಲ ಜಾತಿಯದು. ಅಂದರೆ ನಾನು ಬದಲಿಸಬೇಕಾದ್ದು ಫೋನ್ ಒಂದನ್ನೇ ಅಲ್ಲ.

ಇಷ್ಟೆಲ್ಲ ದಾಟಿಸಿದ ಮೇಲೆ ಐಫೋನ್ ಹೇಗಿತ್ತು? ಎರಡು ವಿಷಯಗಳಲ್ಲಿ ಅದು ಉಳಿದೆರಡನ್ನೂ ಸ್ಪಷ್ಟವಾಗಿ ಹಿಂದೆ ಹಾಕಿತು. ನಡೆಯುತ್ತಾ ತೆಗೆದ ವಿಡಿಯೋ ಅಲುಗದೆ ಬಂತು, ಬೆಳಕಿನಿಂದ ನೆರಳಿಗೆ ಹೋದಾಗಲೂ ಬಣ್ಣ ಹಾರಲಿಲ್ಲ. ಇನ್ನೊಂದು, ರಾತ್ರಿ ಚಾರ್ಜ್‌ಗೆ ಹಾಕದೆ ಮಲಗಿದರೆ ಬೆಳಿಗ್ಗೆಗೆ ಹೆಚ್ಚೇನೂ ಇಳಿದಿರುತ್ತಿರಲಿಲ್ಲ. ಬದಿಯಲ್ಲಿರುವ, ಸದ್ದು ಅಡಗಿಸುವ ಪುಟ್ಟ ಸ್ವಿಚ್ಚು ನನಗೆ ಬಹಳ ಇಷ್ಟವಾಯಿತು. ಜೇಬಿನೊಳಗೇ ಬೆರಳಲ್ಲಿ ಮುಟ್ಟಿ ನೋಡಿ ಫೋನ್ ಮೌನವಾಗಿದೆಯೇ ಎಂದು ತಿಳಿಯಬಹುದು. ಆಪಲ್ ಇದನ್ನು ಹೊಸ ಮಾದರಿಗಳಿಂದ ತೆಗೆದುಹಾಕಿದ್ದು ಏಕೋ! ಆ್ಯಪ್‌ಗಳು ಬೇರೆ ಆ್ಯಪ್, ಜಾಲತಾಣಗಳಲ್ಲೂ ನಮ್ಮ ಬೆನ್ನು ಹತ್ತುವ ಮುನ್ನ ಅನುಮತಿ ಕೇಳಲೇಬೇಕೆಂಬ, 2021ರಲ್ಲಿ ಬಂದ ಕಟ್ಟಳೆಯೂ ಒಳ್ಳೆಯದೇ. ಐಫೋನ್ 15ರಿಂದ ಯುಎಸ್‌ಬಿ-ಸಿ ಬಂದಿರುವುದರಿಂದ ಮನೆಯ ಕೇಬಲ್‌ಗಳೇ ಸಾಕಾದವು. 2012ರಿಂದ ಇದ್ದ ಲೈಟ್ನಿಂಗ್ ಕೇಬಲ್‌ನ ಕಾಲದಲ್ಲಾಗಿದ್ದರೆ ಅದೂ ಒಂದು ಖರ್ಚು.

ಸೋತದ್ದು ಹೆಬ್ಬೆರಳಿನ ಬಳಿ. ಆಂಡ್ರಾಯ್ಡ್‌ನಲ್ಲಿ ಪರದೆಯ ಎಡ, ಬಲ ಯಾವ ಅಂಚಿನಿಂದ ಒಳಕ್ಕೆ ಎಳೆದರೂ ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತದೆ, ಎಲ್ಲ ಆ್ಯಪ್‌ಗಳಲ್ಲೂ ಅದೇ ನಿಯಮ. ಐಫೋನಿನಲ್ಲಿ ಹಿಂದಕ್ಕೆ ಹೋಗುವುದು ಆಯಾ ಆ್ಯಪ್ ಬರೆದವರ ಮರ್ಜಿ. ಒಂದರಲ್ಲಿ ಎಡದಿಂದ ಬಲಕ್ಕೆ ಎಳೆಯಬೇಕು, ಇನ್ನೊಂದರಲ್ಲಿ ಕೆಳಕ್ಕೆ ಜಗ್ಗಬೇಕು, ಮತ್ತೊಂದರಲ್ಲಿ ಎಡ ಮೇಲ್ತುದಿಯ ಬಾಣವನ್ನೇ ಮುಟ್ಟಬೇಕು. ಬಲಗೈಯೊಂದರಲ್ಲೇ ಫೋನ್ ಹಿಡಿಯುವ ನನಗೆ ಆ ಎಡ ಮೇಲ್ತುದಿ ಕೈಗೆಟುಕದ ದ್ರಾಕ್ಷಿ. ವಾರಗಳು ಕಳೆದ ಮೇಲೂ ಬಲ ಅಂಚನ್ನು ಎಳೆಯುವ ಚಟ ಹೋಗಲಿಲ್ಲ. ತಮ್ಮನ ಫೋನಿನ ನಂತರ ಐಫೋನ್ 15ರ 60 ಹರ್ಟ್ಸ್ ಪರದೆ ತುಸು ತಡವರಿಸಿದಂತೆ ಕಂಡದ್ದೂ ನಿಜ.

ಕನ್ನಡ ಬರೆಯುವುದಕ್ಕೆ ತೊಡಕಿಲ್ಲ. ಐಫೋನಿನಲ್ಲಿ ಕನ್ನಡ ಕೀಲಿಮಣೆ ಒಳಗೇ ಇದೆ, ಬೇರೆಯವರ ಕೀಲಿಮಣೆಗಳನ್ನೂ ಹಾಕಿಕೊಳ್ಳಬಹುದು. ಆದರೆ ಬೇರೆಯವರದನ್ನು ಹಾಕಿಕೊಂಡರೆ ಪಾಸ್‌ವರ್ಡ್ ಕೇಳುವ ಜಾಗದಲ್ಲಿ ತಂತಾನೇ ಆಪಲ್‌ನದು ಬಂದು ಕೂರುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಸರಿಯೇ. ಬೆರಳಿನ ದೃಷ್ಟಿಯಿಂದ ಕಿರಿಕಿರಿ.

ಕಂಪ್ಯೂಟರಿಗೆ ಜೋಡಿಸಿದಾಗ ಆಂಡ್ರಾಯ್ಡ್ ತನ್ನ ಫೋಲ್ಡರ್‌ಗಳನ್ನೆಲ್ಲ ತೆರೆದಿಡುತ್ತದೆ. ಐಫೋನ್ ವಿಂಡೋಸ್ ಮುಂದೆ ಫೋಟೋ, ವಿಡಿಯೋಗಳನ್ನಷ್ಟೇ ಬಿಚ್ಚುತ್ತದೆ. ಆ ಫೋಟೋಗಳೂ ಹೆಚ್‌ಇಐಸಿ ರೂಪದಲ್ಲಿರುತ್ತವೆ, ಕೆಲವು ಕಂಪ್ಯೂಟರ್‌ಗಳಲ್ಲಿ ತೆರೆಯುವುದಿಲ್ಲ. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿದರೆ ಮುಂದೆ ತೆಗೆಯುವವು ಜೆಪೆಗ್ ಆಗಿ ಬರುತ್ತವೆ. ಉಚಿತ ಜಾಗವೂ ಕಡಿಮೆ: ಆಪಲ್‌ನ ಆನ್‌ಲೈನ್ ಸಂಗ್ರಹ ಐಕ್ಲೌಡ್ ಕೊಡುವುದು 5 ಜಿಬಿ, ಗೂಗಲ್ 15 ಜಿಬಿ. ಆ 15ರಲ್ಲಿ ಈಗ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಲೆಕ್ಕಕ್ಕೆ ಬರುವುದರಿಂದ ಗೂಗಲ್ ಉದಾರಿ ಎಂದು ಹೊಗಳುವಂತೆಯೂ ಇಲ್ಲ.

ಐಫೋನ್ ಪರವಾಗಿ ಹೇಳುವವರ ದೊಡ್ಡ ಅಸ್ತ್ರವೆಂದರೆ ಅದು ಬಹಳ ವರ್ಷ ಬಾಳುತ್ತದೆ ಎಂಬುದು. ಹಿಂದೆ ಇದಕ್ಕೆ ಎದುರು ಮಾತಿರಲಿಲ್ಲ. 2018ರ ಐಫೋನ್ ಎಕ್ಸ್‌ಆರ್‌ಗೆ 2024ರ ಐಒಎಸ್ 18 ಕೂಡ ಬಂತು. ಅದು ಪಟ್ಟಿಯಿಂದ ಹೊರಬಿದ್ದದ್ದು ಅದರ ನಂತರ ಬಂದ, 2025ರ ಐಒಎಸ್ 26ರಲ್ಲಿ. ಆದರೆ 2023ರ ಅಕ್ಟೋಬರ್‌ನಲ್ಲಿ ಬಂದ ಪಿಕ್ಸೆಲ್ 8ಕ್ಕೆ ಗೂಗಲ್, 2024ರ ಜನವರಿಯಲ್ಲಿ ಬಂದ ಗ್ಯಾಲಕ್ಸಿ ಎಸ್24ಕ್ಕೆ ಸ್ಯಾಮ್‌ಸಂಗ್ ಏಳು ವರ್ಷಗಳ ಅಪ್‌ಡೇಟ್ ಘೋಷಿಸಿದ ಮೇಲೆ, ಮೇಲ್ದರ್ಜೆಯ ಫೋನ್‌ಗಳ ಮಟ್ಟಿಗೆ ಆ ವ್ಯತ್ಯಾಸ ಅಳಿಸಿಹೋಗಿದೆ. ಅಗ್ಗದ ಆಂಡ್ರಾಯ್ಡ್‌ಗಳ ಮಾತು ಬೇರೆ. ಅಲ್ಲಿ ಮಾದರಿ ಮಾದರಿಗೂ ಗಡುವು ಬೇರೆ, ಕೊಳ್ಳುವ ಮುನ್ನ ನೋಡಲೇಬೇಕು.

ಅಕ್ಕನ ಲೆಕ್ಕ ನನ್ನದಕ್ಕೆ ತದ್ವಿರುದ್ಧ. ಅವಳ ಲ್ಯಾಪ್‌ಟಾಪ್, ಕೈಗಡಿಯಾರ, ಮನೆಯವರೆಲ್ಲರ ಫೋಟೋ ಆಲ್ಬಮ್ ಎಲ್ಲವೂ ಆಪಲ್ ಕಡೆಯವು. ಆಪಲ್ ಸಾಧನಗಳ ನಡುವೆ ಕಡತ ಕಳಿಸುವ ಏರ್‌ಡ್ರಾಪ್‌ನಲ್ಲಿ ಕಣ್ಣು ಮಿಟುಕಿಸುವುದರಲ್ಲಿ ವಿಡಿಯೋ ಕಳಿಸುವವಳಿಗೆ ನನ್ನ ಆಂಡ್ರಾಯ್ಡ್ ಕೊಟ್ಟರೆ ಅದು ಉಪಕಾರವಾಗುವುದಿಲ್ಲ. ಬಹಳ ವಿಡಿಯೋ ತೆಗೆಯುವವರು, ಮನೆಯಲ್ಲಿ ಉಳಿದವರೆಲ್ಲ ಐಫೋನ್ ಹಿಡಿದಿರುವವರು ದಾಟಿದರೆ ಪಡುವ ಪಾಡಿಗೆ ತಕ್ಕ ಫಲವಿದೆ. ಬರಿಯ ಬೇಸರಕ್ಕೆ, ಹೊಸತನಕ್ಕೆ ಎಂದಾದರೆ ನಾನು ಬೇಡವೆನ್ನುತ್ತೇನೆ.

ನನ್ನ ತೀರ್ಮಾನ: ಹಳೆಯ ಫೋನ್ ಅದರ ಕೊನೆಯ ಸೆಕ್ಯುರಿಟಿ ಅಪ್‌ಡೇಟ್‌ವರೆಗೆ ನನ್ನ ಬಳಿಯೇ ಇರುತ್ತದೆ, ಆಮೇಲೆ ಏಳು ವರ್ಷದ ಭರವಸೆಯಿರುವ ಆಂಡ್ರಾಯ್ಡ್ ಕೊಳ್ಳುತ್ತೇನೆ. ಆ ಏಳು ವರ್ಷ ಶುರುವಾಗುವುದು ಫೋನ್ ಮಾರುಕಟ್ಟೆಗೆ ಬಂದ ದಿನದಿಂದ, ನಾವು ಕೊಂಡ ದಿನದಿಂದಲ್ಲ. ಹಾಗಾಗಿ ರಿಯಾಯಿತಿಯಲ್ಲಿ ಸಿಗುವ ಎರಡು ವರ್ಷ ಹಳೆಯ ಮಾದರಿಯಲ್ಲಿ ಐದೇ ಉಳಿದಿರುತ್ತವೆ, ಬೆಲೆಯನ್ನು ಆ ಐದರಿಂದ ಭಾಗಿಸಿ ನೋಡಬೇಕು.

ನನ್ನಂತೆ ಐಫೋನನ್ನು ಎರವಲು ಪಡೆದು ಹಿಂದಿರುಗುವವರಿಗೆ ಒಂದು ಕೆಲಸ ಬಾಕಿ ಇರುತ್ತದೆ. ಸಿಮ್ ತೆಗೆಯುವ ಮೊದಲೇ ಆಪಲ್‌ನ ಸಂದೇಶ ಸೇವೆಯಾದ ಐಮೆಸೇಜ್ ಆಫ್ ಮಾಡಿ, ಇಲ್ಲದಿದ್ದರೆ ಬೇರೆ ಐಫೋನ್‌ನವರು ಕಳಿಸುವ ಸಂದೇಶಗಳು ನಿಮ್ಮ ಆಂಡ್ರಾಯ್ಡ್‌ಗೆ ಬಾರದೆ ಹೋಗಬಹುದು. ಕಳೆದ ಫೋನ್ ಹುಡುಕಿಕೊಡುವ ‘ಫೈಂಡ್ ಮೈ’ಯಿಂದ ಫೋನನ್ನು ಬಿಡಿಸಿ, ನಿಮ್ಮ ಆಪಲ್ ಖಾತೆಯಿಂದ ಹೊರಬಂದು, ಆಮೇಲೆ ಒರೆಸಿ ಕೊಡಿ. ಅದನ್ನು ಮಾಡದೆ ಒರೆಸಿದರೆ ಫೋನ್ ಮತ್ತೆ ನಿಮ್ಮದೇ ಪಾಸ್‌ವರ್ಡ್ ಕೇಳುತ್ತದೆ, ಫೋನಿನ ಒಡತಿ ನಿಮ್ಮನ್ನು ಹುಡುಕಿಕೊಂಡು ಬರುತ್ತಾಳೆ.