ಚಳಿಗಾಲದ ಎಲ್ಕ್ ಎಣಿಕೆ: ತೋಳದ ಜಗಳಕ್ಕೆ ಈ ಸೇವೆ ಎಷ್ಟು ಉಪಯೋಗ?

ಅಮೆರಿಕದ ಮೊಂಟಾನಾ, ಐಡಹೊ, ವಯೋಮಿಂಗ್ ರಾಜ್ಯಗಳಲ್ಲಿ ವನ್ಯಜೀವಿ ಇಲಾಖೆಯವರು ಚಳಿಗಾಲದಲ್ಲಿ ವಿಮಾನ ಹಾರಿಸಿ ಎಲ್ಕ್ ಎಣಿಸುತ್ತಾರೆ. ಎಲ್ಕ್ ಅಂದರೆ ಕಡವೆಯ ಬಂಧು, ಗಾತ್ರದಲ್ಲಿ ಅದಕ್ಕಿಂತ ದೊಡ್ಡದು. ಎಲ್ಕ್ ಕಡಿಮೆಯಾದದ್ದಕ್ಕೆ ತೋಳವೇ ಕಾರಣವೇ ಎಂಬ ಜಗಳದಲ್ಲಿ ಜನ ಹಿಡಿದುಕೊಳ್ಳುವ ಅಂಕಿ ಇದೇ. ಈ ಎಣಿಕೆ ಪುಕ್ಕಟೆಯದಲ್ಲ. ಬೇಟೆ ಲೈಸೆನ್ಸಿನ ಶುಲ್ಕ, ಅದರ ಜೊತೆಗೆ 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯಂತೆ ರೈಫಲ್ ಮತ್ತು ಮದ್ದುಗುಂಡಿನ ಮೇಲೆ ಬೀಳುವ ಶೇ 11ರ ಸುಂಕ, ರಾಜ್ಯಗಳ ಇಂಥ ಕೆಲಸಕ್ಕೆ ಬಹುಪಾಲು ಇವೇ ಆಧಾರ. ದುಡ್ಡಿನಲ್ಲಿ ಬೇಟೆಗಾರರ ಪಾಲು ದೊಡ್ಡದು. ಹಾಗಾಗಿ ಕೊಂಡ ಸಾಮಾನನ್ನು ತಿರುಗಿಸಿ ನೋಡುವ ಹಾಗೆ ಇದನ್ನೂ ನೋಡಬಹುದು.

ಕೆಲಸದ ರೀತಿ ಸರಳ. ಹೊಸ ಹಿಮ ಬಿದ್ದು, ಗಾಳಿ ನಿಂತು, ಆಕಾಶ ತಿಳಿಯಾದ ಬೆಳಗ್ಗೆ ಹಾರಬೇಕು. ಬಿಳಿ ನೆಲದ ಮೇಲೆ ಕಂದು ಮೈ ಎದ್ದು ಕಾಣುತ್ತದೆ, ಪ್ರಾಣಿಗಳೂ ಮೇಯಲು ಬಯಲಿಗೆ ಇಳಿದಿರುತ್ತವೆ. ಯೆಲ್ಲೋಸ್ಟೋನ್ ಉದ್ಯಾನದ ಉತ್ತರ ಭಾಗದಲ್ಲಿ ಸೂಪರ್ ಕಬ್‌ನಂಥ ಎರಡು ಸೀಟಿನ ಪುಟ್ಟ ವಿಮಾನಗಳನ್ನು ಬಳಸಿದ್ದಾರೆ. ಪ್ರದೇಶವನ್ನು ತುಂಡುಗಳಾಗಿ ಹಂಚಿಕೊಂಡು ಹಲವು ವಿಮಾನ ಏಕಕಾಲಕ್ಕೆ ಹಾರುತ್ತವೆ. ಇಲ್ಲವಾದರೆ ಇಂದು ಈ ಕಣಿವೆಯಲ್ಲಿ ಎಣಿಸಿದ ಹಿಂಡೇ ನಾಳೆ ಪಕ್ಕದ ಕಣಿವೆಯಲ್ಲಿ ಮತ್ತೆ ಲೆಕ್ಕಕ್ಕೆ ಸೇರುತ್ತದೆ. ದೊಡ್ಡ ಹಿಂಡು ಸಿಕ್ಕರೆ ಫೋಟೊ ತೆಗೆದು ಆಮೇಲೆ ಕೂತು ಎಣಿಸುವುದೇ ಸರಿ. ಕಣ್ಣಂದಾಜು ನೂರು ದಾಟಿದ ಮೇಲೆ ನಂಬಿಕೆಗೆ ಅರ್ಹವಲ್ಲ.

ಕೆಡುವುದು ಎಲ್ಲಿ? ಹಿಮ ತೆಳುವಾಗಿದ್ದರೆ ಹಿಂಡು ಎತ್ತರದಲ್ಲೇ, ಮರಗಳ ನಡುವೆ ಉಳಿಯುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಉತ್ತರ ಯೆಲ್ಲೋಸ್ಟೋನ್ ಹಿಂಡಿನ ಎಣಿಕೆ 2017ರಲ್ಲಿ 5,349, ಮರುವರ್ಷ 7,579. ಒಂದೇ ವರ್ಷದಲ್ಲಿ ಶೇ 42ರಷ್ಟು ಏರಿಕೆ! ಎಲ್ಕ್ ಸಾಮಾನ್ಯವಾಗಿ ವರ್ಷಕ್ಕೊಂದೇ ಕರು ಹಾಕುವ ಪ್ರಾಣಿ. ಈ ವೇಗದಲ್ಲಿ ಹೆಚ್ಚುವುದು ಅದರಿಂದಾಗದ ಮಾತು. ಎಲ್ಕ್ ಹೆಚ್ಚಿದ್ದಕ್ಕಿಂತ ಕಂಡ ಎಲ್ಕ್ ಹೆಚ್ಚಾಗಿದ್ದೇ ಇದರಲ್ಲಿ ಬಹುಪಾಲು. ಎರಡು ವರ್ಷದ ಅಂಕಿ ಹಿಡಿದು 'ತೋಳ ತಿಂದು ಮುಗಿಸಿತು' ಎನ್ನುವವರೂ 'ಹಿಂಡು ಚೇತರಿಸಿತು' ಎನ್ನುವವರೂ ಒಂದೇ ತಪ್ಪು ಮಾಡುತ್ತಾರೆ. ಕನಿಷ್ಠ ಐದು ವರ್ಷದ ಸಾಲು ಬೇಕು.

ಐಡಹೊದವರು ಈ ಕೊರತೆಗೆ 1980ರ ದಶಕದಲ್ಲೇ ಮದ್ದು ಕಂಡುಕೊಂಡರು. ಹೆಲಿಕಾಪ್ಟರಿನಿಂದ ಎಣಿಸುವಾಗ ಪ್ರತಿ ಗುಂಪಿನ ಗಾತ್ರ, ಸುತ್ತಲಿನ ಮರಗಳ ದಟ್ಟಣೆ ಬರೆದುಕೊಳ್ಳುತ್ತಾರೆ. ಅಂಥ ಗುಂಪು ಕಣ್ಣಿಗೆ ಬೀಳುವ ಸಾಧ್ಯತೆ ಎಷ್ಟು ಎಂಬುದು ಕಾಲರ್ (ರೇಡಿಯೊ ಸಂಕೇತ ಕಳಿಸುವ ಕೊರಳಪಟ್ಟಿ) ಹಾಕಿದ ಎಲ್ಕ್‌ಗಳಿಂದ ಮೊದಲೇ ಗೊತ್ತು. ದಟ್ಟ ಮರಗಳ ನಡುವಿನ ಆರು ಎಲ್ಕ್‌ಗಳ ಗುಂಪು ಎರಡು ಸಲಕ್ಕೆ ಒಮ್ಮೆ ಮಾತ್ರ ಕಾಣುವಂಥದ್ದಾದರೆ ಅದು 12 ಎಂದು ಲೆಕ್ಕಕ್ಕೆ ಹೋಗುತ್ತದೆ. ಖರ್ಚು ಜಾಸ್ತಿ, ಆದರೆ ಕೊಟ್ಟ ಕಾಸಿಗೆ ಇದೇ ಮೇಲು. ವರದಿ ಕೈಗೆ ಬಂದಾಗ ಮೊದಲು ಹುಡುಕಬೇಕಾದ್ದು: ಇದು ಕಂಡಷ್ಟರ ಲೆಕ್ಕವೋ, ತಿದ್ದಿದ ಅಂದಾಜೋ? ಎರಡನ್ನೂ ಒಂದೇ ಗ್ರಾಫಿನಲ್ಲಿ ಕೂಡಿಸಿದರೆ ಕಥೆ ಕೆಟ್ಟಿತು.

ಸೇವೆಯ ಅತಿ ಬೆಲೆಬಾಳುವ ಭಾಗ ಒಟ್ಟು ಸಂಖ್ಯೆಯಲ್ಲ, 100 ಹೆಣ್ಣುಗಳಿಗೆ ಎಷ್ಟು ಕರು ಎಂಬ ಪ್ರಮಾಣ. ನಾಳಿನ ಹಿಂಡು ಅಲ್ಲಿದೆ. ಇದರಲ್ಲೂ ಮೋಸ ಹೋಗಬಹುದು. 50 ಹೆಣ್ಣು, 10 ಕರು ಸಿಕ್ಕರೆ ಪ್ರಮಾಣ 20. ಇನ್ನೆರಡು ಕರು ಕಂಡಿದ್ದರೆ 24. ಅಷ್ಟು ಸಣ್ಣ ಮಾದರಿಯ ಮೇಲೆ ಬೇಟೆ ಪರ್ಮಿಟ್ ಏರಿಸುವುದು, ಇಳಿಸುವುದು ಜೂಜು. ಹಿಂಡಿನಲ್ಲಿ ಮುದಿ ಹೆಣ್ಣು ಹೆಚ್ಚಿದ್ದರೆ ಬೇಟೆಯಾಡುವ ಪ್ರಾಣಿ ಯಾವುದೂ ಇಲ್ಲದೆಯೂ ಕರು ಕಡಿಮೆಯಾಗುತ್ತದೆ. ಗಂಡಿನ ಪ್ರಮಾಣವನ್ನಂತೂ ಅರೆನಂಬಿಕೆಯಿಂದಲೇ ಓದಿ. ಚಳಿಗಾಲದಲ್ಲಿ ದೊಡ್ಡ ಗಂಡುಗಳು ಹೆಣ್ಣಿನ ಹಿಂಡು ಬಿಟ್ಟು ಬೇರೆಯೇ ಇರುತ್ತವೆ.

ಇನ್ನು ತೋಳದ ವಿಷಯ. 1995, 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಯೆಲ್ಲೋಸ್ಟೋನಿನಲ್ಲಿ ಬಿಟ್ಟರು. ಅದಕ್ಕೆ ಮುಂಚೆ, 1994ರಲ್ಲಿ, ಉತ್ತರದ ಹಿಂಡಿನ ಎಣಿಕೆ 19,045. 2013ರಲ್ಲಿ 3,915. ಬೇಟೆಗಾರರ ಆತಂಕ ಹುಸಿಯಲ್ಲ ಎನ್ನಲು ಇಷ್ಟೇ ಸಾಕು. ಆದರೆ ಅದೇ ಅವಧಿಯಲ್ಲಿ 1996–97ರ ಕಡುಚಳಿಗಾಲ ಬಂತು, ಗ್ರಿಜ್ಲಿ ಕರಡಿ ಹೆಚ್ಚಿತು, ಕೂಗರ್ (ಬೆಟ್ಟಸಿಂಹ ಎನ್ನುವ ದೊಡ್ಡ ಕಾಡುಬೆಕ್ಕು) ಹೆಚ್ಚಿತು. ಉದ್ಯಾನದ ಉತ್ತರ ಅಂಚಿನ ಗಾರ್ಡಿನರ್ ಊರಿನ ಬಳಿ ಹಿಂಡು ತಗ್ಗಿಸಲೆಂದೇ ಹೆಣ್ಣು ಹೊಡೆಯಲು ಪರ್ಮಿಟ್‌ಗಳನ್ನು ಸಾವಿರಗಟ್ಟಲೆ ಕೊಟ್ಟರು. ತೋಳ ಕೊಂದ ವಯಸ್ಕ ಹೆಣ್ಣುಗಳ ಸರಾಸರಿ ವಯಸ್ಸು ಸುಮಾರು 14. ಬಂದೂಕಿಗೆ ಬಿದ್ದವು ಆರೇಳು ವರ್ಷದವು, ಅಂದರೆ ಕರು ಹಾಕುವ ಹದದವು. ವಿಮಾನದ ಎಣಿಕೆ ಇವುಗಳಲ್ಲಿ ಒಂದನ್ನೂ ಬೇರ್ಪಡಿಸಿ ತೋರಿಸುವುದಿಲ್ಲ. ಎಣಿಸುವವರು ಹಾರುವ ಹೊತ್ತಿಗೆ ಕರಡಿ ಗುಹೆಯಲ್ಲಿ ಮಲಗಿರುತ್ತದೆ. ಹಿಮದ ಮೇಲೆ ಎದ್ದು ಕಾಣುವ ಹೆಜ್ಜೆ ತೋಳದ್ದು.

ಬೇಟೆಗಾರರ ಇನ್ನೊಂದು ದೂರಿಗೂ ಈ ಸೇವೆಯಲ್ಲಿ ಉತ್ತರವಿಲ್ಲ: 'ಕಾಗದದಲ್ಲಿ ಎಲ್ಕ್ ಹೆಚ್ಚಾಗಿದೆ, ಕಾಡಿನಲ್ಲಿ ಒಂದೂ ಇಲ್ಲ.' ಬೇಟೆ ಶುರುವಾದೊಡನೆ ಹಿಂಡುಗಳು ಖಾಸಗಿ ರಾಂಚ್‌ಗಳಿಗೆ (ದನ ಸಾಕುವ ದೊಡ್ಡ ಜಮೀನುಗಳಿಗೆ) ನುಗ್ಗುತ್ತವೆ, ಅಲ್ಲಿ ಹೊರಗಿನವರಿಗೆ ಪ್ರವೇಶವಿಲ್ಲ. ಎಣಿಕೆಗೆ ಆ ಎಲ್ಕ್‌ಗಳೂ ಸೇರುತ್ತವೆ. ಐಡಹೊದ ಲೋಲೊ ವಲಯದ ಸಂಗತಿ ಬೇರೆ. ಅಲ್ಲಿ ಕಾಗದದಲ್ಲೂ ಇಲ್ಲ. 1980ರ ದಶಕದ ಕೊನೆಗೆ 16,000ದಷ್ಟಿದ್ದದ್ದು 2010ರಲ್ಲಿ ಸುಮಾರು 2,100ಕ್ಕಿಳಿಯಿತು. 1910ರ ಮಹಾ ಕಾಡ್ಗಿಚ್ಚಿನ ನಂತರ ಹುಟ್ಟಿದ್ದ ಮೇವಿನ ಪೊದೆಗಳನ್ನು ಮರಗಳು ಮುಚ್ಚುತ್ತ ಬಂದಿದ್ದವು. ಇಳಿತ ತೋಳಕ್ಕೂ ಮುಂಚಿನದು. ಹಾಗೆ ಸೊರಗಿದ ಹಿಂಡನ್ನು ಮೇಲೇಳದಂತೆ ಒತ್ತಿ ಹಿಡಿದದ್ದರಲ್ಲಿ ತೋಳದ ಪಾಲು ದೊಡ್ಡದೇ.

ಯಾರು ತಿಂದರು ಎಂದು ತಿಳಿಯಲು ಬೇರೆ ಸೇವೆ ಕೊಳ್ಳಬೇಕು: ಕರುಗಳಿಗೆ ಕಾಲರ್. ಹುಟ್ಟಿದ ಕೆಲವೇ ದಿನಗಳಲ್ಲಿ ಹಿಡಿದು ಹಾಕಬೇಕು. ಕರು ಕೆಲವು ಗಂಟೆ ಅಲುಗಾಡದಿದ್ದರೆ ಸಂಕೇತ ಬದಲಾಗುತ್ತದೆ, ಒಂದು ದಿನದೊಳಗೆ ಸ್ಥಳ ಮುಟ್ಟಬೇಕು. ಚರ್ಮ ಒಳಮಗ್ಗುಲಾಗಿ ಮಗುಚಿದ್ದರೆ ಕರಡಿ, ಎಲೆ-ಕಸ ಎಳೆದು ಮುಚ್ಚಿದ್ದರೆ ಬಹುಶಃ ಕೂಗರ್, ಎಲುಬು ಮುರಿದು ಚೆಲ್ಲಾಡಿದ್ದರೆ ತೋಳದ ಕಡೆ ಅನುಮಾನ. ಹಲ್ಲಿನ ಗುರುತಿನ ಕೆಳಗೆ ರಕ್ತ ಹೆಪ್ಪುಗಟ್ಟಿದೆಯೇ ಎಂದು ಚರ್ಮ ಸುಲಿದು ನೋಡಲೇಬೇಕು. ಹೆಪ್ಪಿಲ್ಲದಿದ್ದರೆ ಅದು ಸತ್ತಮೇಲೆ ಬಂದು ತಿಂದ ಪ್ರಾಣಿಯ ಗುರುತಿರಬಹುದು. 2003–05ರಲ್ಲಿ ಯೆಲ್ಲೋಸ್ಟೋನಿನಲ್ಲಿ 151 ಕರುಗಳ ಮೇಲೆ ಹೀಗೆ ನಿಗಾ ಇಟ್ಟಾಗ ಸಾವುಗಳಲ್ಲಿ ಸುಮಾರು ಶೇ 60 ಕರಡಿಯದು, ತೋಳದ್ದು ಶೇ 15ರ ಆಸುಪಾಸು. ಮೊಂಟಾನಾದ ಬಿಟರೂಟ್ ಕಣಿವೆಯಲ್ಲಿ ಮೊದಲ ಸ್ಥಾನ ಕೂಗರ್‌ಗೆ. ಒಂದು ಕಣಿವೆಯ ಉತ್ತರ ಇನ್ನೊಂದಕ್ಕೆ ಹೊಂದುವುದಿಲ್ಲ.

ಅಂಕ ಕೊಡುವುದಾದರೆ, ಹಿಂಡಿನ ದಿಕ್ಕು ತೋರಿಸಲು ವಿಮಾನದ ಎಣಿಕೆಗೆ ಐದಕ್ಕೆ ನಾಲ್ಕು; ತೋಳದ ಮೇಲೆ ತೀರ್ಪು ಕೊಡಲು ಒಂದು, ಅದೂ ಧಾರಾಳವಾಯಿತು. ಕಾಲರ್ ವರದಿ ಸಿಕ್ಕರೆ 'ಕಾರಣ ತಿಳಿಯದು' ಎಂಬ ಸಾಲನ್ನು ಮೊದಲು ನೋಡಿ. ಅದು ಉದ್ದವಾಗಿದ್ದರೆ ತಂಡ ಸ್ಥಳಕ್ಕೆ ತಡವಾಗಿ ತಲುಪಿದೆ ಎಂದು ತಿಳಿದು, ಉಳಿದ ಶೇಕಡಾವಾರುಗಳನ್ನು ಅಷ್ಟೇ ಎಚ್ಚರದಿಂದ ಓದಿ.